ಮೊಬೈಲ್ ಬ್ಯಾಗಿನಲ್ಲಿರಲಿ, ಗೇಟಿನಲ್ಲಿ ಬೇಡ

ಕಾಲೇಜು ಶುರುವಾಗಿ ಒಂದು ತಿಂಗಳಾದರೆ ಸಾಕು, ಈ ಅಂಕಣಕ್ಕೆ ಮೊಬೈಲಿನ ಜಗಳಗಳು ಬರತೊಡಗುತ್ತವೆ. ಈ ಸಲ ನಾಲ್ಕು ಪತ್ರಗಳನ್ನು ತೆಗೆದುಕೊಂಡಿದ್ದೇನೆ.

ಮಗಳು ಹುಬ್ಬಳ್ಳಿಯ ಡಿಗ್ರಿ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಈ ವರ್ಷದಿಂದ ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಂತೆ. ಒಳಗೆ ಸಿಕ್ಕರೆ ಒಂದು ವಾರ ಇಟ್ಟುಕೊಳ್ಳುತ್ತಾರಂತೆ. ಹೀಗೆ ಮಾಡಬಹುದಾ?
– ಒಬ್ಬ ತಂದೆ, ಶಿಗ್ಗಾವಿ

ಕ್ಲಾಸಿನಲ್ಲಿ ಫೋನ್ ಎಲ್ಲಿರಬೇಕು, ಯಾವಾಗ ತೆಗೆಯಬೇಕು ಎಂದು ಹೇಳುವ ಅಧಿಕಾರ ಕಾಲೇಜಿಗೆ ಇದೆ. ಅದರ ಬಗ್ಗೆ ತಕರಾರು ಬೇಡ. ಆದರೆ ಹದಿನೆಂಟು ದಾಟಿದ ಹುಡುಗಿಯ ಫೋನನ್ನು ವಾರಗಟ್ಟಲೆ ಕಪಾಟಿನಲ್ಲಿ ಇಡುವುದು ಬೇರೆ ಮಾತು. ಇಟ್ಟುಕೊಂಡವರಿಗೆ ಅದರ ಜವಾಬ್ದಾರಿಯೂ ಬರುತ್ತದೆ.

ಕೇರಳದಲ್ಲಿ ಇಂಥದ್ದೇ ಒಂದು ಜಗಳ ಹೈಕೋರ್ಟ್‌ವರೆಗೆ ಹೋಗಿತ್ತು. ಕೋಳಿಕ್ಕೋಡ್ ಕಡೆಯ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಹುಡುಗಿಯರು ಮೊಬೈಲ್ ಮುಟ್ಟುವಂತಿಲ್ಲ ಎಂದು ನಿಯಮ ಮಾಡಿದ್ದರು. ಒಪ್ಪದ ಒಬ್ಬ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅವಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನಲ್ಲೂ ಖಾಸಗಿತನದ ಹಕ್ಕಿನಲ್ಲೂ ಸೇರಿದೆ ಎಂದಿತು. ಜೊತೆಗೆ, ಬೇರೆಯವರಿಗೆ ತೊಂದರೆ ಆಗಬಾರದು ಎಂದೂ ಹೇಳಿತು. ಅದು ಕೇರಳದ ತೀರ್ಪು, ನಮ್ಮ ಕಾಲೇಜುಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ಪ್ರಿನ್ಸಿಪಾಲರ ಮುಂದೆ ಇಡಲು ಒಳ್ಳೆಯ ಕಾಗದ.

ಕಾನೂನಿಗಿಂತ ನನ್ನ ಕಣ್ಣು ತೆರೆಸಿದ್ದು ಒಂದು ಸಂಜೆ. ಹಿಂದೆ ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲೂ ಇದೇ ಗೇಟಿನ ನಿಯಮ ಇತ್ತು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಇನ್ನೂರಕ್ಕೂ ಜಾಸ್ತಿ ಫೋನು, ಮೂರು ರಟ್ಟಿನ ಡಬ್ಬಿ, ಒಬ್ಬನೇ ಅಟೆಂಡರ್. ನಾಲ್ಕು ಗಂಟೆಗೆ ಗಂಟೆ ಹೊಡೆದರೆ ಎಲ್ಲರೂ ಒಮ್ಮೆಲೇ ಗೇಟಿಗೆ. ತಮ್ಮ ಫೋನು ಹುಡುಕಿಕೊಳ್ಳಲು ಕೆಲವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಒಂದು ಮಳೆಗಾಲದ ಸಂಜೆ ನವಲಗುಂದ ಕಡೆಯ ನಾಲ್ಕು ಹುಡುಗಿಯರು ಅಲ್ಲೇ ನಿಂತಿದ್ದರು. "ಸರ್, ನಮ್ಮ ಬಸ್ ಹೋತ್ರೀ" ಅಂದರು. ಮುಂದಿನ ಬಸ್ಸಿಗೆ ಕತ್ತಲಾಗುತ್ತಿತ್ತು. ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಮಾಡಿದ ನಿಯಮ ಅದು, ನೋಡಿ! ಮರುವಾರ ಡಬ್ಬಿಗಳು ಗುಜರಿಗೆ ಹೋದವು.

ನೀವು ಒಬ್ಬರೇ ಹೋಗಿ ಜಗಳ ಮಾಡಬೇಡಿ. ನಾಲ್ಕೈದು ಪಾಲಕರು ಸೇರಿ ಬರೆದು ಕೇಳಿ: ಫೋನ್ ತೆಗೆದುಕೊಂಡರೆ ಚೀಟಿ ಕೊಡುತ್ತೀರಾ? ಕಳೆದರೆ ಯಾರು ತುಂಬಿಕೊಡುತ್ತಾರೆ? ಸಂಜೆ ಎಷ್ಟು ನಿಮಿಷದಲ್ಲಿ ವಾಪಸ್ ಸಿಗುತ್ತದೆ? ಈ ಮೂರಕ್ಕೆ ಉತ್ತರ ಬರೆಯಲು ಕೂತರೆ, ಸೈಲೆಂಟ್ ಮಾಡಿ ಬ್ಯಾಗಿನಲ್ಲಿಡಿ ಅನ್ನುವುದೇ ಸುಲಭ ಎಂದು ಅವರಿಗೇ ಅನಿಸುತ್ತದೆ.

ಇನ್ನು ಮಗಳ ಫೋನಿನಲ್ಲಿ ಇವತ್ತೇ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಆನ್ ಮಾಡಿ. ಈಗಿನ ಬಹಳಷ್ಟು ಫೋನುಗಳಲ್ಲಿ ಪವರ್ ಬಟನ್ ಐದು ಸಲ ಪಟಪಟ ಒತ್ತಿದರೆ ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಹೋಗುತ್ತದೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಸಿಕ್ಕರೆ 112 ಹತ್ತುತ್ತದೆ. ಎರಡನೆಯದು, *#06# ಒತ್ತಿ ಬರುವ ಐಎಂಇಐ ನಂಬರನ್ನು (ಅದು ಆ ಫೋನಿನ ಗುರುತಿನ ಸಂಖ್ಯೆ) ಮನೆಯ ಡೈರಿಯಲ್ಲಿ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ಫೋನನ್ನು ಬ್ಲಾಕ್ ಮಾಡಿಸಲು ಅದು ಬೇಕು.

ನನ್ನ ಬಿ.ಕಾಂ ಕ್ಲಾಸಿನಲ್ಲಿ 70 ಮಕ್ಕಳು. ಬೋರ್ಡಿನ ಫೋಟೊ ಹೊಡೆದುಕೊಂಡು ಸುಮ್ನೆ ಕೂತಿರುತ್ತಾರೆ, ಇಲ್ಲವೇ ರೀಲ್ಸ್. ಪೂರ್ತಿ ಬಂದ್ ಮಾಡಲಾ, ಪಾಠಕ್ಕೇ ಬಳಸಲಾ?
– ಉಪನ್ಯಾಸಕಿ, ಧಾರವಾಡ

ಮೇಡಂ, ಎರಡೂ ಮಾಡಿ. ಹೊತ್ತು ಮಾತ್ರ ಬೇರೆ ಬೇರೆ ಇರಲಿ. "ಈಗ ಫೋನ್ ತೆಗೀರಿ" ಅಂದಾಗ ತೆಗೆಯಬೇಕು, "ಒಳಗೆ ಇಡ್ರಿ" ಅಂದಾಗ ಬ್ಯಾಗಿಗೆ ಹೋಗಬೇಕು. ಬೆಂಚಿನ ಮೇಲೆ ಮಗುಚಿ ಇಟ್ಟರೂ ಬೇಡ.

ಪಾಠಕ್ಕೆ ಹೊಡೆತ ಬೀಳುವುದು ಫೋನ್ ನೋಡುವವರಿಗೆ ಮಾತ್ರ ಅಂದುಕೊಂಡಿದ್ದೇವೆ, ಅಲ್ವಾ? 2013ರಲ್ಲಿ ಕೆನಡಾದ ಸಂಶೋಧಕರು ಲ್ಯಾಪ್‌ಟಾಪ್ ಇಟ್ಟು ಇದನ್ನು ಪರೀಕ್ಷಿಸಿದರು. ಪಾಠದ ನಡುವೆ ಬೇರೆ ಕೆಲಸ ಮಾಡಿದವರಿಗೆ ಶೇ 11ರಷ್ಟು ಅಂಕ ಕಡಿಮೆ ಬಂತು. ಇನ್ನೊಂದು ಪ್ರಯೋಗದಲ್ಲಿ, ತಾವು ಏನೂ ಮಾಡದೆ ಮುಂದಿನವರ ಪರದೆ ಕಾಣುವಂತೆ ಕೂತವರಿಗೆ ಶೇ 17ರಷ್ಟು ಕಡಿಮೆ! ಆಡಿದವನಿಗಿಂತ ನೋಡಿದವನಿಗೇ ಜಾಸ್ತಿ ಪೆಟ್ಟು. ಅದಕ್ಕೆ ನಾನು ಹೇಳುವುದು ಇಷ್ಟು: ಫೋನಿನಲ್ಲೇ ನೋಟ್ಸ್ ನೋಡಬೇಕು ಅನ್ನುವವರಿಗೆ ಕೊನೆಯ ಬೆಂಚು ಕೊಡಿ. ಅವರ ಹಿಂದೆ ಗೋಡೆ ಇರಲಿ.

ಬೋರ್ಡಿನ ಫೋಟೊ ಬಗ್ಗೆ ನನಗೂ ಸಿಟ್ಟಿದೆ. ಫೋಟೊ ಹೊಡೆದ ಕೂಡಲೇ ಕಲಿತಂತೆ ಅನಿಸುತ್ತದೆ, ಆಮೇಲೆ ಆ ಚಿತ್ರ ಮದುವೆ ಫೋಟೊಗಳ ನಡುವೆ ಎಲ್ಲೋ ಹೂತುಹೋಗುತ್ತದೆ. ಮೊದಲು ಬರೆಯಲಿ. ಪಾಠದ ಕೊನೆಯ ಎರಡು ನಿಮಿಷ ಫೋಟೊಗೆ ಬಿಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರು ನಿಮ್ಮ ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ಒಮ್ಮೆ ಬೆಂಚಿನ ಕೆಳಗೆ ಫೋನ್ ಹಿಡಿದಿದ್ದ ಹುಡುಗನನ್ನು ಎಬ್ಬಿಸಿ ಬೈದೆ. ನೋಡಿದರೆ ಪುಸ್ತಕದ ಮೇಲೆ ಗೂಗಲ್ ಲೆನ್ಸ್ ಹಿಡಿದು ‘ಡಿಪ್ರಿಸಿಯೇಷನ್’ ಅಂದರೆ ಏನು ಎಂದು ಹುಡುಕುತ್ತಿದ್ದ. ನನಗೇ ನಾಚಿಕೆಯಾಯಿತು. ಆ ಕೆಲಸವನ್ನು ಬೆಂಚಿನ ಮೇಲಕ್ಕೆ ತನ್ನಿ. ವಾರಕ್ಕೊಮ್ಮೆ ಒಂದು ಪುಟವನ್ನು ಮೂವರಿಗೊಂದು ಫೋನಿನಂತೆ ಲೆನ್ಸ್‌ನಲ್ಲಿ ಕನ್ನಡಕ್ಕೆ ತಿರುಗಿಸಲಿ, ಆಮೇಲೆ ತಪ್ಪು ಹುಡುಕಲಿ. ‘ಕರೆಂಟ್ ಅಸೆಟ್ಸ್’ ಅಂದರೆ ಚಾಲ್ತಿ ಆಸ್ತಿ, ಅದರ ಕರೆಂಟು ವಿದ್ಯುತ್ ಆಗಿಬಿಡಬಹುದು. ನಗುತ್ತಾರೆ, ಆ ಪದ ಮಾತ್ರ ಮತ್ತೆ ಮರೆಯುವುದಿಲ್ಲ. ಮೂವರಿಗೊಂದು ಅಂದರೆ ಫೋನ್ ಇಲ್ಲದವನೂ, ಡೇಟಾ ಖಾಲಿಯಾದವನೂ ಬೇರೆಯಾಗಿ ಕಾಣುವುದಿಲ್ಲ. ಪಾಠ ಕಳಿಸುವುದಿದ್ದರೆ ವಿಡಿಯೊ ಬದಲು ಸಣ್ಣ ಪಿಡಿಎಫ್, ಇಲ್ಲವೇ ನಿಮ್ಮ ಧ್ವನಿಯ ಆಡಿಯೊ ಕಳಿಸಿ.

ನಿಮ್ಮ ಪಾಠ ರೆಕಾರ್ಡ್ ಮಾಡುವುದಿದ್ದರೆ ಕೇಳಿಯೇ ಮಾಡಬೇಕು ಎಂದು ಮೊದಲ ದಿನವೇ ಹೇಳಿಬಿಡಿ.

ಹಾಸ್ಟೆಲಿನಲ್ಲಿ ನಾನು ಬಟ್ಟೆ ಬದಲಿಸುವಾಗ ರೂಮ್‌ಮೇಟ್ ವಿಡಿಯೊ ಮಾಡಿದ್ದಾಳೆ. ಕೇಳಿದರೆ ತಮಾಷೆಗೆ ಅಂತಾಳೆ. ವಾರ್ಡನ್ ಡಿಲೀಟ್ ಮಾಡಿಸಿ, ಇಲ್ಲಿಗೇ ಬಿಡು ಅಂದರು.
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ತಂಗಿ, ಇದು ತಮಾಷೆ ಅಲ್ಲ, ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದರ ಬಗ್ಗೆಯೇ ಇದೆ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಹಳೆಯ ಕಾನೂನಿನಲ್ಲಿ ತಪ್ಪು ಮಾಡಿದವನು ಗಂಡಸು ಎಂದಿತ್ತು. ಹೊಸದರಲ್ಲಿ ಯಾರೇ ಮಾಡಿದರೂ ತಪ್ಪೇ. ಐಟಿ ಕಾಯ್ದೆಯ 66ಇ ಕಲಂ ಕೂಡ ಅನ್ವಯಿಸಬಹುದು.

ಡಿಲೀಟ್ ಆಯಿತು ಎಂದು ನಂಬಿ ಕೂರಬೇಡ. ಅಳಿಸಿದ ವಿಡಿಯೊ ಫೋನಿನ ಟ್ರ್ಯಾಶ್‌ನಲ್ಲಿ ವಾರಗಟ್ಟಲೆ ಉಳಿಯಬಹುದು, ಬ್ಯಾಕಪ್‌ನಲ್ಲೂ ಇರಬಹುದು. ಅವಳು ತಪ್ಪೊಪ್ಪಿಕೊಂಡ ಮೆಸೇಜ್ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೋ. ಲೈಂಗಿಕ ಕಿರುಕುಳದ ದೂರು ನೋಡುವ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡು, ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು. ವಿದ್ಯಾರ್ಥಿಗಳ ವಿಷಯವಾದರೆ ಆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳೂ ಇರಬೇಕು ಎಂದು ಯುಜಿಸಿಯ 2015ರ ನಿಯಮ ಹೇಳುತ್ತದೆ. ಪೊಲೀಸರಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ, ವಾರ್ಡನ್‌ದೂ ಬೇಕಿಲ್ಲ. ವಿಡಿಯೊ ಎಲ್ಲಾದರೂ ಹರಿದಾಡಿದ್ದು ಗೊತ್ತಾದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಮನೆಯಲ್ಲಿ ಒಬ್ಬರಿಗಾದರೂ ಹೇಳು. ಒಬ್ಬಳೇ ಹೊರಬೇಡ.

ಪರೀಕ್ಷೆಯ ದಿನ ಫೋನ್ ಎಲ್ಲಿಡಿಸಬೇಕು? ಹೊರಗೆ ಇಟ್ಟ ಬ್ಯಾಗುಗಳಿಂದ ಕಳುವಾಗುತ್ತಿವೆ.
– ಪರೀಕ್ಷಾ ಮೇಲ್ವಿಚಾರಕರು, ಗದಗ

ವರಾಂಡದಲ್ಲಿ ಬ್ಯಾಗುಗಳ ರಾಶಿ ಹಾಕಿಸಬೇಡಿ. ಒಂದು ಕೋಣೆ, ಒಬ್ಬ ಕಾವಲಿನವರು, ಹಾಲ್ ಟಿಕೆಟ್ ನಂಬರ್ ಬರೆದ ಬಟ್ಟೆಯ ಚೀಲ, ಕೈಗೊಂದು ಟೋಕನ್. ಸ್ಮಾರ್ಟ್ ವಾಚ್ ಕೂಡ ಅದೇ ಚೀಲಕ್ಕೆ. ಗೋಡೆಗೆ ದೊಡ್ಡ ಗಡಿಯಾರ ಹಾಕಿಸಿದರೆ ಕೈಗಡಿಯಾರದ ಜಗಳವೂ ಇಲ್ಲ. ಹಾಲ್‌ಗೆ ತಕ್ಕಂತೆ ಚೀಲಗಳನ್ನು ಬೇರೆ ಬೇರೆ ಮೇಜಿನ ಮೇಲೆ ಜೋಡಿಸಿ, ಇಲ್ಲದಿದ್ದರೆ ಪರೀಕ್ಷೆ ಮುಗಿದಾಗ ಮತ್ತೆ ನಮ್ಮ ರಟ್ಟಿನ ಡಬ್ಬಿಯ ಕಥೆಯೇ. ಸೈಲೆಂಟ್ ಸಾಲದು, ಆಫ್ ಮಾಡಿಸಿ. ಸೈಲೆಂಟ್‌ನಲ್ಲಿದ್ದರೂ ಅಲಾರಾಂ ಹೊಡೆಯುತ್ತದೆ. ಕೆಲವು ಕೀಪ್ಯಾಡ್ ಫೋನುಗಳು ಆಫ್ ಆಗಿದ್ದರೂ ಹೊಡೆಯುತ್ತವೆ. ಆ ಕೋಣೆ ಪರೀಕ್ಷಾ ಹಾಲ್‌ನಿಂದ ಸ್ವಲ್ಪ ದೂರವೇ ಇರಲಿ.