ಎಂಟನೇ ತರಗತಿಯ ಕಣ್ಣು, ಟೀಚರ ಸೆರಗು

ಪತ್ರದ ಸಾರ: ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಸೇರಿ ಮೂರು ತಿಂಗಳಾಯಿತು. ದಿನವೂ ಎರಡು ಬಸ್ ಬದಲಿಸಿ ಹೋಗುವ ನನಗೆ ಚೂಡಿದಾರವೇ ಅನುಕೂಲ. ‘ಸೀರೆ ಉಟ್ಟು ಬನ್ನಿ, ಇಲ್ಲದಿದ್ದರೆ ಮಕ್ಕಳು ಹೆದರುವುದಿಲ್ಲ’ ಎನ್ನುತ್ತಾರೆ ಮುಖ್ಯ ಶಿಕ್ಷಕರು. ಮಕ್ಕಳು ಬಟ್ಟೆ ನೋಡಿ ಶಿಕ್ಷಕರನ್ನು ಅಳೆಯುತ್ತಾರೆಯೇ?

ಸಂಪಾದಕರ ಉತ್ತರ: ಅಳೆಯುತ್ತಾರೆ, ಅದೂ ನೀವು ಹಾಜರಿ ಪುಸ್ತಕ ತೆರೆಯುವ ಮೊದಲೇ. ನಾನು ಏಳನೇ ತರಗತಿಯಲ್ಲಿದ್ದಾಗ ಪಕ್ಕದ ಸಾಲಿನ ಹುಡುಗಿಯರು ಟೀಚರ ಸೀರೆಗಳ ಪಟ್ಟಿಯನ್ನೇ ಇಟ್ಟಿದ್ದರು. ಯಾವ ಸೀರೆ ಉಟ್ಟ ದಿನ ಪೆಟ್ಟು ಬೀಳುತ್ತದೆ ಎಂಬ ಪಂಚಾಂಗವೂ ಅದರಲ್ಲಿತ್ತು. ಬಹಳ ಸಲ ಅದು ನಿಜವೂ ಆಗುತ್ತಿತ್ತು!

ಹಾಗಾಗಿ ನಿಮ್ಮ ಮುಖ್ಯ ಶಿಕ್ಷಕರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ನೀಟಾದ ಔಪಚಾರಿಕ ಉಡುಪಿನವರನ್ನು ಹೆಚ್ಚು ಬಲ್ಲವರೆಂದು ಭಾವಿಸಿದರು. ಮಾಸಿದ ಜೀನ್ಸ್ ತೊಟ್ಟು ಬಂದವರನ್ನು ಹೆಚ್ಚು ಸ್ನೇಹಶೀಲರೆಂದರು, ಅವರ ಪಾಠವೇ ಸ್ವಾರಸ್ಯವೆಂದರು. ಬಟ್ಟೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಇಸ್ತ್ರಿ ಮಾಡಿದ ಚೂಡಿದಾರ ಮಾಸಿದ ಜೀನ್ಸ್ ಅಲ್ಲ ಎಂಬುದನ್ನಂತೂ ಯಾರೂ ಒಪ್ಪಬೇಕು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತಾರೆ. ಆದರೆ ಆ ನೋಟ ಎಷ್ಟು ದಿನ ಬಾಳುತ್ತದೆ? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪೇಟ, ಉದ್ದ ಕೋಟು ಧರಿಸಿದ ಅಧ್ಯಾಪಕರಿಗೇನೂ ಬರವಿರಲಿಲ್ಲ. 1921ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಹೂವಿನಿಂದ ಸಿಂಗರಿಸಿದ ಗಾಡಿಯನ್ನು ವಿದ್ಯಾರ್ಥಿಗಳೇ ಎಳೆದು ರೈಲು ನಿಲ್ದಾಣಕ್ಕೆ ಒಯ್ದರು. ಪೇಟ ಸುತ್ತಿದವರೆಲ್ಲರ ಗಾಡಿಯನ್ನೂ ಹುಡುಗರು ಎಳೆಯಲಿಲ್ಲ.

ನಮ್ಮ ಗಣಿತದ ಮೇಷ್ಟ್ರ ಬಳಿ ಇದ್ದದ್ದು ಎರಡೇ ಬಿಳಿ ಅಂಗಿ. ಕಾಲರ್ ಸವೆದಾಗ ದರ್ಜಿಯ ಬಳಿ ಬಿಚ್ಚಿಸಿ, ಮಗುಚಿ ಹೊಲಿಸಿಕೊಂಡು ಬರುತ್ತಿದ್ದರು. ಕಪ್ಪುಹಲಗೆಯ ಕಡೆ ತಿರುಗಿದಾಗ ಕಾಲರ್‌ನ ಅಂಚಿನಲ್ಲಿ ಹಳೆಯ ಹೊಲಿಗೆಯ ಸಣ್ಣ ತೂತುಗಳ ಸಾಲು ಕಾಣಿಸುತ್ತಿತ್ತು. ಮೊದಲ ವಾರ ನಕ್ಕೆವು. ಪ್ರಮೇಯಗಳು ತಲೆಗೆ ಹತ್ತತೊಡಗಿದ ಮೇಲೆ ಆ ತೂತುಗಳನ್ನು ನೋಡಿದರೆ ಏಕೋ ನಮಗೇ ನಾಚಿಕೆಯಾಗುತ್ತಿತ್ತು.

ಇನ್ನೊಂದು ವಿಷಯ ನಿಮ್ಮ ಪತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. ಹಾರ್ವರ್ಡ್‌ನಲ್ಲಿ ಮನೋವಿಜ್ಞಾನಿಗಳಾದ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂಥಾಲ್ ಪಾಠ ಮಾಡುವವರ ಚಿತ್ರಣವನ್ನು, ಧ್ವನಿ ತೆಗೆದು, ಒಟ್ಟು ಅರ್ಧ ನಿಮಿಷ ಮಾತ್ರ ಅಪರಿಚಿತರಿಗೆ ತೋರಿಸಿದರು. ಅವರು ಕೊಟ್ಟ ಅಂಕ, ಇಡೀ ಸೆಮಿಸ್ಟರ್ ಪಾಠ ಕೇಳಿದವರು ಕೊಟ್ಟ ಅಂಕಕ್ಕೆ ಬಹಳ ಹತ್ತಿರವಿತ್ತು. 1993ರಲ್ಲಿ ಇದು ಪ್ರಕಟವಾಯಿತು. ನೋಡಿದವರಿಗೆ ಮುಖ್ಯವಾದದ್ದು ಉತ್ಸಾಹ, ಆತ್ಮವಿಶ್ವಾಸ. ಚಡಪಡಿಸುವವರಿಗೆ ಅಂಕ ಕಡಿಮೆ. ಈಗ ಹೇಳಿ: ಎರಡು ಬಸ್ಸಿನ ನೂಕುನುಗ್ಗಲಲ್ಲಿ ನೆರಿಗೆ ಕೆಡಿಸಿಕೊಂಡು ಬಂದು, ಹಲಗೆಯ ಮೇಲೆ ಬರೆಯುವಾಗಲೆಲ್ಲ ಸೆರಗು ಸರಿಪಡಿಸಿಕೊಳ್ಳುವ ಶಿಕ್ಷಕಿಗೆ ಸೀರೆಯಿಂದ ಯಾವ ಗೌರವ ಬಂದೀತು? ಸೀರೆಯಲ್ಲೇ ಹಾಯಾಗಿರುವವರ ಮಾತು ಬೇರೆ.

‘ಹೆದರುವುದಿಲ್ಲ’ ಎಂಬ ಮಾತಿಗಂತೂ ನನ್ನ ತಕರಾರಿದೆ. ಹೆದರಿದ ಹುಡುಗ ಪ್ರಶ್ನೆ ಕೇಳುವುದಿಲ್ಲ. ವಿಜ್ಞಾನದ ತರಗತಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದು? ಈ ಉಪದೇಶ ಪ್ಯಾಂಟು ತೊಟ್ಟ ಮೇಷ್ಟ್ರಿಗೆ ‘ಪಂಚೆ ಉಟ್ಟು ಬನ್ನಿ’ ಎಂದು ಹೋಗುವುದೂ ಇಲ್ಲ. ಕೇರಳ ಸರ್ಕಾರ 2021ರ ನವೆಂಬರ್‌ನಲ್ಲಿ, ಶಿಕ್ಷಕಿಯರು ಸೀರೆಯನ್ನೇ ಉಡಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಆದೇಶಿಸಿತು. 2024ರಲ್ಲಿ ಶಿಕ್ಷಕರಿಗೆ ವಸ್ತ್ರಸಂಹಿತೆ ತಂದು ಜೀನ್ಸ್, ಟೀ ಶರ್ಟ್ ಬೇಡವೆಂದ ಮಹಾರಾಷ್ಟ್ರವೂ ಚೂಡಿದಾರಕ್ಕೆ ಅಡ್ಡಿಪಡಿಸಲಿಲ್ಲ.

ಮುಖ್ಯ ಶಿಕ್ಷಕರೊಡನೆ ಜಗಳ ಬೇಡ. ‘ಲಿಖಿತ ಆದೇಶವಿದ್ದರೆ ಕೊಡಿ ಸರ್’ ಎಂದು ವಿನಯವಾಗಿ ಕೇಳಿ. ಶಾಲಾ ವಾರ್ಷಿಕೋತ್ಸವಕ್ಕೆ ಮನಸ್ಸಿದ್ದರೆ ಒಳ್ಳೆಯ ಸೀರೆಯನ್ನೇ ಉಡಿ.

ನಿಮ್ಮ ಹೆಸರು, ಊರು ಅಚ್ಚು ಮಾಡಬೇಡಿ ಎಂದಿದ್ದಿರಿ, ಮಾಡಿಲ್ಲ. ಈ ಸಂಚಿಕೆ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಬಿದ್ದಿದ್ದರೆ ಅದು ನಮ್ಮ ತಪ್ಪಲ್ಲ.