ಎಲ್ಲ ಐಟಂಗಳೂ ಹೋಗಿವೆಯೇ? ಹೋಗದ ಒಂದನ್ನು ಹುಡುಕಿ

ಪ್ರಶ್ನೆ: ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಒಂದು ಕ್ವೆರಿ ಬರೆಯುತ್ತಿದ್ದೇನೆ. ಆರ್ಡರ್‌ಗಳಿಗೆ ಒಂದು ಟೇಬಲ್, ಅವುಗಳ ಐಟಂಗಳಿಗೆ ಇನ್ನೊಂದು ಟೇಬಲ್ ಇದೆ. ಪ್ರತಿ ಐಟಂಗೂ ಸ್ಟೇಟಸ್ ಇದೆ. ಎಲ್ಲ ಐಟಂಗಳನ್ನೂ ಕಳಿಸಿ ಆಗಿರುವ ಆರ್ಡರ್‌ಗಳು ಮಾತ್ರ ಬೇಕು. ಎರಡನ್ನೂ ಜಾಯಿನ್ ಮಾಡಿ (ಜೋಡಿಸಿ), ಸ್ಟೇಟಸ್ 'ಕಳಿಸಿದೆ' ಎಂದು ವೇರ್‌ನಲ್ಲಿ (ಸಾಲುಗಳನ್ನು ಸೋಸುವ ಷರತ್ತಿನಲ್ಲಿ) ಕೊಟ್ಟರೆ ಅರ್ಧಂಬರ್ಧ ಹೋದ ಆರ್ಡರ್‌ಗಳೂ ಬರುತ್ತವೆ. ಡಿಸ್ಟಿಂಕ್ಟ್ ಹಾಕಿದರೂ ಅಷ್ಟೇ. ಎಲ್ಲಿ ತಪ್ಪುತ್ತಿದೆ?

ಉತ್ತರ: ವೇರ್ ಒಂದು ಸಲಕ್ಕೆ ಒಂದೇ ಸಾಲನ್ನು ನೋಡುತ್ತದೆ. ಐದು ಐಟಂಗಳಲ್ಲಿ ಒಂದು ಹೋಗಿದ್ದರೂ ಆ ಸಾಲು ಪಾಸಾಗುತ್ತದೆ, ಅದರ ಜೊತೆ ಆರ್ಡರ್ ಕೂಡ ಬಂದುಬಿಡುತ್ತದೆ. ಉಳಿದ ನಾಲ್ಕರ ವಿಷಯ ಅದಕ್ಕೆ ಗೊತ್ತೇ ಇಲ್ಲ. ಡಿಸ್ಟಿಂಕ್ಟ್ ಒಂದೇ ಆರ್ಡರ್ ಮತ್ತೆ ಮತ್ತೆ ಬರುವುದನ್ನು ತಡೆಯುತ್ತದೆ, ಬೇರೇನೂ ಮಾಡುವುದಿಲ್ಲ. ಅಂದರೆ ನಿಮ್ಮ ಕ್ವೆರಿ ಕೇಳುತ್ತಿರುವುದು 'ಒಂದಾದರೂ ಹೋಗಿದೆಯೇ' ಅಂತ.

ಪ್ರಶ್ನೆಯನ್ನೇ ತಿರುಗಿಸಿ. ಎಲ್ಲವೂ ಹೋಗಿದೆ ಎಂದರೆ ಹೋಗದೆ ಉಳಿದದ್ದು ಒಂದೂ ಇಲ್ಲ ಎಂದರ್ಥ, ಅಲ್ವಾ? ಆರ್ಡರ್ ಟೇಬಲ್‌ನಿಂದ ಶುರು ಮಾಡಿ, ವೇರ್‌ನಲ್ಲಿ ನಾಟ್ ಎಕ್ಸಿಸ್ಟ್ಸ್ ('ಅಂಥ ಸಾಲು ಒಂದೂ ಇಲ್ಲ' ಎಂಬ ಷರತ್ತು) ಹಾಕಿ. ಅದರೊಳಗೆ ಇದೇ ಆರ್ಡರ್‌ಗೆ ಸೇರಿದ, ಆದರೆ ಸ್ಟೇಟಸ್ 'ಕಳಿಸಿದೆ' ಅಲ್ಲದ ಐಟಂ ಹುಡುಕಿ. ಅಂಥದ್ದು ಒಂದು ಸಿಕ್ಕರೂ ಆ ಆರ್ಡರ್ ಹೊರಗೆ. ನಾನು ಮೊದಲು ಕೈಹಾಕುವುದು ಇದಕ್ಕೇ, ಏಕೆಂದರೆ ಓದಿದಾಗ ಉದ್ದೇಶ ನೇರವಾಗಿ ಕಾಣುತ್ತದೆ. ಹುಡುಕಾಟ ಬೇಗ ಆಗಲು ಐಟಂ ಟೇಬಲ್‌ನಲ್ಲಿ ಆರ್ಡರ್ ಐಡಿ ಮೇಲೆ ಇಂಡೆಕ್ಸ್ ಇರಲಿ.

ಆದರೆ ಇಲ್ಲಿ ಎರಡು ಕಡೆ ಎಡವುವವರು ಜಾಸ್ತಿ. ಒಂದು, ನಲ್, ಅಂದರೆ ಏನನ್ನೂ ತುಂಬದೆ ಬಿಟ್ಟ ಜಾಗ. ಸ್ಟೇಟಸ್ ನಲ್ ಆಗಿದ್ದರೆ 'ಕಳಿಸಿದೆ ಅಲ್ಲ' ಎಂಬ ಹೋಲಿಕೆಯ ಫಲ ನಿಜವೂ ಅಲ್ಲ, ಸುಳ್ಳೂ ಅಲ್ಲ. ಹಾಗಾಗಿ ಆ ಸಾಲು ಹುಡುಕಾಟಕ್ಕೆ ಸಿಗುವುದಿಲ್ಲ. ಗತಿಯೇ ಗೊತ್ತಿಲ್ಲದ ಐಟಂ ಇರುವ ಆರ್ಡರ್ 'ಪೂರ್ತಿ ಹೋಗಿದೆ' ಎಂಬ ಪಟ್ಟಿಗೆ ಸೇರುತ್ತದೆ. ಎರರ್ ಬರುವುದಿಲ್ಲ, ಉತ್ತರ ಸುಮ್ನೆ ತಪ್ಪಾಗುತ್ತದೆ. ಒಳಗಿನ ಷರತ್ತಿಗೆ 'ಅಥವಾ ಸ್ಟೇಟಸ್ ನಲ್' ಎಂದು ಸೇರಿಸಿ, ಎರಡನ್ನೂ ಒಂದೇ ಆವರಣದಲ್ಲಿಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಾದರೆ, ನಲ್ ಅನ್ನೂ ಸೇರಿಸಿ ಹೋಲಿಸುವ ಈಸ್ ಡಿಸ್ಟಿಂಕ್ಟ್ ಫ್ರಮ್ ಒಂದೇ ಸಾಕು. ಆ ಕಾಲಂ ನಾಟ್ ನಲ್ (ಖಾಲಿ ಬಿಡುವಂತಿಲ್ಲ ಎಂಬ ನಿಯಮ) ಆಗಿದ್ದರೆ ಈ ಚಿಂತೆಯೇ ಇಲ್ಲ.

ಇನ್ನೊಂದು, ಐಟಂಗಳೇ ಇಲ್ಲದ ಆರ್ಡರ್. ಅದರಲ್ಲಿ ಹೋಗದೆ ಉಳಿದದ್ದು ಏನೂ ಇಲ್ಲ, ಹಾಗಾಗಿ ಅದೂ ಪಾಸ್. ತರ್ಕದ ಪ್ರಕಾರ ಸರಿ, ಆದರೆ ನಿಮಗೆ ಅದು ಬೇಡ ಅನಿಸುತ್ತದೆ. ಕನಿಷ್ಠ ಒಂದು ಐಟಂ ಇರಬೇಕು ಎಂದು ಒಂದು ಎಕ್ಸಿಸ್ಟ್ಸ್ ಕೂಡ ಹಾಕಿ.

ಎಣಿಸುವ ದಾರಿಯೂ ಇದೆ. ಐಟಂ ಟೇಬಲ್ ಅನ್ನು ಆರ್ಡರ್ ಐಡಿ ಪ್ರಕಾರ ಗ್ರೂಪ್ ಬೈ ಮಾಡಿ. ಹ್ಯಾವಿಂಗ್‌ನಲ್ಲಿ (ಗುಂಪುಗಳಿಗೆ ಹಾಕುವ ಷರತ್ತು) ಒಟ್ಟು ಸಾಲುಗಳ ಕೌಂಟ್ ಮತ್ತು ಕಳಿಸಿದ ಸಾಲುಗಳ ಸಂಖ್ಯೆ ಸಮ ಇದೆಯೇ ನೋಡಿ. ಎರಡನೆಯದಕ್ಕೆ ಸಮ್ ಒಳಗೆ ಕೇಸ್ ಬರೆದು, ಕಳಿಸಿದ್ದರೆ 1, ಇಲ್ಲದಿದ್ದರೆ 0 ಕೊಡಿ. ನಲ್ ತಾನಾಗಿ 0 ಆಗುತ್ತದೆ, ಐಟಂ ಇಲ್ಲದ ಆರ್ಡರ್ ಬರುವುದೇ ಇಲ್ಲ. ಸ್ಟೇಟಸ್‌ನ ಮಿನ್ ಮತ್ತು ಮ್ಯಾಕ್ಸ್ ಎರಡೂ 'ಕಳಿಸಿದೆ' ಆಗಿವೆಯೇ ಎಂದು ನೋಡುವ ಚಿಕ್ಕ ದಾರಿ ಮಾತ್ರ ಬೇಡ. ಅವು ನಲ್ ಅನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಯಾವುದನ್ನು ಬರೆದರೂ ಮೊದಲು ನಾಲ್ಕು ಆರ್ಡರ್‌ಗಳನ್ನು ಕೈಯಾರೆ ಹಾಕಿ: ಪೂರ್ತಿ ಹೋದದ್ದು, ಅರ್ಧ ಹೋದದ್ದು, ಒಂದು ಐಟಂನ ಸ್ಟೇಟಸ್ ನಲ್ ಇರುವುದು, ಐಟಂಗಳೇ ಇಲ್ಲದ್ದು. ಕ್ವೆರಿ ಓಡಿಸಿದಾಗ ಮೊದಲನೆಯದು ಮಾತ್ರ ಬರಬೇಕು.