ಗರ್ಭಿಣಿಗೆ ‘ಅಳಬೇಡ’ ಎನ್ನುವ ಮೊದಲು

ಗರ್ಭಿಣಿ ದುಃಖಪಟ್ಟರೆ ಮಗುವಿನ ಮೆದುಳಿಗೆ ಪೆಟ್ಟು ಎಂಬ ಭಯ ಹೊತ್ತು ಆಪ್ತಸಲಹೆಗೆ ನನ್ನ ಬಳಿ ಬರುವ ಹೆಣ್ಣುಮಕ್ಕಳು ಈಚೆಗೆ ಹೆಚ್ಚಾಗಿದ್ದಾರೆ. ಹಿಂದೆ ಈ ಮಾತನ್ನು ಮನೆಯ ಹಿರಿಯರು ಹೇಳುತ್ತಿದ್ದರು. ಈಗ ಮೊಬೈಲಿನ ವಿಡಿಯೊಗಳು ವಿಜ್ಞಾನದ ಹೆಸರು ಸೇರಿಸಿ ಹೇಳುತ್ತವೆ. ಅದರಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಆ ಸತ್ಯವನ್ನು ಮನೆಯವರೆಲ್ಲ ಸೇರಿ ಬಸುರಿಯೊಬ್ಬಳ ಕಿವಿಗೇ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಳಗಿನ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಆಕೆಯನ್ನು ಸುಧಾ ಎನ್ನೋಣ. ಚೊಚ್ಚಲ ಬಸಿರು, ಆರು ತಿಂಗಳು ತುಂಬಿತ್ತು. ತೂಕ ಏರುತ್ತಿಲ್ಲ, ನಿದ್ದೆಯಿಲ್ಲ, ರಕ್ತಪರೀಕ್ಷೆಗಳಲ್ಲಿ ಕಾರಣ ಕಾಣುತ್ತಿಲ್ಲ ಎಂದು ಹೆರಿಗೆ ವೈದ್ಯೆ ಕಳುಹಿಸಿದ್ದರು. ನಾಲ್ಕನೆಯ ತಿಂಗಳಲ್ಲಿ ಆಕೆಯ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಬಸುರಿ ಹೆಣ ನೋಡಬಾರದೆಂದು ಗಂಡನ ಮನೆಯವರು ಕಳುಹಿಸಲಿಲ್ಲ. ತಿಥಿಗೂ ಕಳುಹಿಸಲಿಲ್ಲ. ಸಾವಾದ ಮನೆ, ಅಲ್ಲಿ ಹೋದರೆ ಅಳುತ್ತಾಳೆ ಎಂಬುದು ಅವರ ಚಿಂತೆ.

ಮನಸ್ಸಿನ ಸ್ಥಿತಿ ತಿಳಿಯಲು ಎಡಿನ್‌ಬರೊ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಕೇಳಿದೆ. 1987ರಲ್ಲಿ ಬಾಣಂತಿಯರಿಗೆಂದು ರೂಪಿಸಿದ ಆ ಹತ್ತು ಪ್ರಶ್ನೆಗಳನ್ನು ಈಗ ಗರ್ಭಿಣಿಯರಿಗೂ ಬಳಸುತ್ತಾರೆ. ಒಂಬತ್ತನೆಯದು, ದುಃಖ ತಡೆಯಲಾರದೆ ಅತ್ತಿದ್ದೀರಾ ಎಂದು. ಅಲ್ಲಿಯವರೆಗೆ ಚುಟುಕಾಗಿ ಉತ್ತರಿಸುತ್ತಿದ್ದ ಸುಧಾ, “ಇಲ್ಲ ಮೇಡಂ. ಒಮ್ಮೆಯೂ ಅತ್ತಿಲ್ಲ. ಅಳಬಾರದಲ್ಲ” ಎಂದರು. ಅಂಕದ ಲೆಕ್ಕದಲ್ಲಿ ಆ ಉತ್ತರಕ್ಕೆ ಸೊನ್ನೆ, ಅಂದರೆ ತೊಂದರೆಯಿಲ್ಲ. ಆದರೆ ಅದಕ್ಕೆ ಮುಂಚಿನ ಎಂಟು ಉತ್ತರಗಳಿಗಿಂತ ನನ್ನನ್ನು ಕಾಡಿದ್ದು ಅದೇ. ತನಗೆ ತಾನು ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತ ಹತ್ತನೆಯ ಪ್ರಶ್ನೆಗೆ ಇಲ್ಲವೆಂದರು. ಅದನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ಖಚಿತಪಡಿಸಿಕೊಂಡೆ.

ಆಮೇಲೆ ಅವರೇ ಕೇಳಿದರು: “ಈಗ ಅತ್ತರೆ ಮಗುವಿಗೆ ಏನಾಗುತ್ತದೆ? ನಿಜ ಹೇಳಿ.”

ಏನೂ ಆಗುವುದಿಲ್ಲ, ಸುಮ್ಮನಿರಿ ಎಂದು ಬೆನ್ನು ತಟ್ಟಬೇಕಿತ್ತು ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಹಾಗೆ ಮಾಡಲಿಲ್ಲ, ಮುಂದೆಯೂ ಮಾಡುವುದಿಲ್ಲ. ಗಂಡ ದಿನವೂ ಕಳುಹಿಸುವ ವಿಡಿಯೊದಲ್ಲಿ ಅರ್ಧ ಸತ್ಯ ಕೇಳಿದವರಿಗೆ ನಾನು ಪೂರ್ತಿ ಸುಳ್ಳು ಹೇಳಿದರೆ ಆಕೆ ನಂಬುವುದು ವಿಡಿಯೊವನ್ನೇ. ಆದ್ದರಿಂದ ತಿಳಿದದ್ದನ್ನು ಅಳತೆ ಸಮೇತ ಹೇಳಿದೆ.

ಒತ್ತಡವಾದಾಗ ನಮ್ಮ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ವಿಷವಲ್ಲ; ಬಸಿರಿನಲ್ಲಿ ಸಹಜವಾಗಿಯೇ ಹೆಚ್ಚುತ್ತದೆ, ಮಗುವಿನ ಶ್ವಾಸಕೋಶ ಬಲಿಯಲು ಬೇಕೂ ಬೇಕು. ತಾಯಿಯ ಕಾರ್ಟಿಸಾಲ್ ಎಲ್ಲವೂ ಮಗುವಿಗೆ ಸೇರದಂತೆ ಮಾಸಿನಲ್ಲಿ (ಪ್ಲಸೆಂಟಾ) ಇರುವ ಕಿಣ್ವವೊಂದು ಅದರ ಬಹುಪಾಲನ್ನು ನಿಷ್ಕ್ರಿಯಗೊಳಿಸುತ್ತದೆ. ತಿಂಗಳುಗಟ್ಟಲೆ ಕಾಡುವ ಆತಂಕದಲ್ಲಿ ಈ ಕಿಣ್ವದ ಕೆಲಸ ಕುಗ್ಗಬಹುದು ಎಂಬ ಸೂಚನೆಗಳಿವೆ. ಬೆಳೆಯುತ್ತಿರುವ ಮೆದುಳಿನಲ್ಲಿ ನೆನಪು ಮತ್ತು ಭಯಕ್ಕೆ ಸಂಬಂಧಿಸಿದ ಭಾಗಗಳು ಕಾರ್ಟಿಸಾಲ್‌ಗೆ ಹೆಚ್ಚು ಸ್ಪಂದಿಸುತ್ತವೆ. ವಿಜ್ಞಾನಿಗಳ ಕಳವಳ ಇರುವುದು ಅಲ್ಲಿ. ಗರ್ಭಿಣಿಯರಿಗೆ ಹತ್ತಿರದವರ ಸಾವು ಎದುರಾದ ಕುಟುಂಬಗಳನ್ನು ಸ್ವೀಡನ್ನಿನಲ್ಲಿ ಅಧ್ಯಯನ ಮಾಡಿದ್ದಾರೆ. ಆ ಮಕ್ಕಳಲ್ಲಿ ಮುಂದೆ ಗಮನ ಕೊರತೆಗೆ ಔಷಧ ಪಡೆದವರ ಪ್ರಮಾಣ ಹೆಚ್ಚಿತ್ತು. ಇದನ್ನೂ ಮುಚ್ಚಿಡಲಿಲ್ಲ.

ಆದರೆ ಹೆಚ್ಚು ಎಂದರೆ ಎಷ್ಟು? ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಿಂದ ಸಾವಿರಾರು ತಾಯಂದಿರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವಿದೆ. ಗರ್ಭಿಣಿಯಾಗಿದ್ದಾಗ ಅತಿ ಹೆಚ್ಚು ಆತಂಕದಲ್ಲಿದ್ದ ಶೇ 15ರಷ್ಟು ತಾಯಂದಿರ ಮಕ್ಕಳಲ್ಲಿ ವರ್ತನೆಯ ತೊಂದರೆ ಸುಮಾರು ಇಮ್ಮಡಿಯಾಗಿತ್ತು. ವಿಡಿಯೊಗಳು ‘ಇಮ್ಮಡಿ’ ಎಂಬಲ್ಲಿಗೆ ನಿಲ್ಲುತ್ತವೆ. ನೂರು ಮಕ್ಕಳಲ್ಲಿ ಐದಾರು ಇದ್ದದ್ದು ಹತ್ತು ಹನ್ನೆರಡಾಯಿತು ಎಂಬುದು ಪೂರ್ತಿ ಮಾತು. ಅಷ್ಟು ಆತಂಕದಲ್ಲಿದ್ದ ತಾಯಂದಿರ ಮಕ್ಕಳಲ್ಲೂ ನೂರಕ್ಕೆ ಎಂಬತ್ತೆಂಟು ತೊಂಬತ್ತು ಮಂದಿಗೆ ಆ ತೊಂದರೆ ಇರಲಿಲ್ಲ. ಇನ್ನು, ಕಣ್ಣೀರು ತಡೆಹಿಡಿದರೆ ಮಗುವಿಗೆ ರಕ್ಷಣೆ ಎಂದು ತೋರಿಸಿದ ಯಾವ ಅಧ್ಯಯನವನ್ನೂ ನಾನು ಕಂಡಿಲ್ಲ. ನಿದ್ದೆಗೆಟ್ಟು, ಉಣ್ಣದೆ, ಒಳಗೇ ಕುದಿಯುವ ದೇಹ ಹೊರಗೆ ನಗುತ್ತಿದೆ ಎಂಬ ಕಾರಣಕ್ಕೆ ಶಾಂತವಾಗುವುದಿಲ್ಲ.

ಸುಧಾ ಅತ್ತರು. ನಾನು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಮುಂದಿನ ಭೇಟಿಗೆ ಗಂಡ ಮತ್ತು ಅತ್ತೆಯನ್ನೂ ಕರೆಸಿದೆ. ಗಂಡ ಕೆಟ್ಟವನಲ್ಲ, ವಿಡಿಯೊ ಕಳುಹಿಸುವುದೇ ತಾನು ತೋರುವ ಕಾಳಜಿ ಎಂದುಕೊಂಡಿದ್ದ. ಅತ್ತೆ ಮಾತ್ರ ಗಟ್ಟಿಯಾಗಿ ಕುಳಿತಿದ್ದರು. ಸುಧಾ ಸ್ವಲ್ಪ ದಿನ ತವರಿನಲ್ಲಿರಲಿ, ತಾಯಿಯೊಂದಿಗೆ ಕುಳಿತು ತಂದೆಯ ಬಗ್ಗೆ ಮಾತಾಡಲಿ, ಅಳಲಿ ಎಂದಾಗ ಅವರು ನನ್ನನ್ನು ಅರ್ಧದಲ್ಲೇ ತಡೆದರು.

“ನೀವು ಓದಿದವರು, ಸುಲಭವಾಗಿ ಹೇಳುತ್ತೀರಿ. ನನ್ನ ಚೊಚ್ಚಲು ಏಳು ತಿಂಗಳಿಗೆ ಹೊಟ್ಟೆಯಲ್ಲೇ ಹೋಯಿತು. ಅದಕ್ಕೆ ಮುಂಚೆ ನಮ್ಮಣ್ಣ ತೀರಿಕೊಂಡಿದ್ದ, ನಾನು ಹೋಗಿ ಬಿದ್ದು ಬಿದ್ದು ಅತ್ತಿದ್ದೆ. ನೀನೇ ಅತ್ತು ಕಳೆದುಕೊಂಡೆ ಎಂದು ನಮ್ಮತ್ತೆ ಸಾಯುವವರೆಗೂ ಅಂದರು. ಇವಳಿಗೂ ಹಾಗಾಗಬೇಕೇ?”

ಮಗನಿಗೆ ಈ ವಿಷಯ ತಿಳಿದಿರಲಿಲ್ಲ. ಸುಧಾ ಅತ್ತೆಯ ಕಡೆ ತಿರುಗಿದರು. ಆ ಮನೆಯ ಕಟ್ಟುನಿಟ್ಟಿನ ಹಿಂದೆ ಇದ್ದದ್ದು ದರ್ಪ ಎಂದು ನಾನು ತಿಳಿದಿದ್ದರೆ ಬೇರೆಯೇ ಸಲಹೆ ಕೊಡುತ್ತಿದ್ದೆನೇನೋ. ಅದು ಒಬ್ಬ ತಾಯಿ ದಶಕಗಳಿಂದ ಹೊತ್ತ ಅಪರಾಧಭಾವ.

“ಅಮ್ಮಾ, ಆ ಮಗು ಏಕೆ ಹೋಯಿತೆಂದು ಇಂದು ಯಾರೂ ಹೇಳಲಾರರು. ರಕ್ತದೊತ್ತಡವಿರಬಹುದು, ಸೋಂಕಿರಬಹುದು, ಮಾಸಿನ ತೊಂದರೆ ಇರಬಹುದು. ನೀವು ಅಣ್ಣನಿಗಾಗಿ ಅತ್ತದ್ದರಿಂದ ಅಲ್ಲ” ಎಂದೆ. ಅವರು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ಅವಳು ಏನು ಮಾಡಬೇಕು?” ಎಂದರು.

ನನ್ನ ಉತ್ತರ: ಅವಳು ಮಾಡಬೇಕಾದದ್ದು ಕಡಿಮೆ, ನೀವು ಮಾಡಬೇಕಾದದ್ದು ಹೆಚ್ಚು.

ಈ ಸಲಹೆಗೆ ಆಧಾರವಿದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಮಳೆನೀರು ಬಿದ್ದಲ್ಲೇ ಹೆಪ್ಪುಗಟ್ಟುವ ಬಿರುಗಾಳಿ ಬೀಸಿತು. ತಂತಿ, ಕಂಬಗಳೆಲ್ಲ ಉರುಳಿ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಇಲ್ಲವಾಯಿತು. ಕೆಲವು ಕಡೆ ವಾರಗಟ್ಟಲೆ. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಮನೋವಿಜ್ಞಾನಿ ಸುಜಾನ್ ಕಿಂಗ್ ಮತ್ತು ಸಂಗಡಿಗರು ವರ್ಷಗಳ ಕಾಲ ಗಮನಿಸಿದರು. ಮಕ್ಕಳ ಭಾಷೆ ಮತ್ತು ಬುದ್ಧಿಯ ಬೆಳವಣಿಗೆಯೊಂದಿಗೆ ಹೆಚ್ಚು ನಂಟು ಕಂಡದ್ದು ತಾಯಿ ಎಷ್ಟು ಕಂಗಾಲಾಗಿದ್ದಳು ಎಂಬುದಕ್ಕಲ್ಲ, ಎಷ್ಟು ದಿನ ಕತ್ತಲಲ್ಲಿದ್ದಳು, ಮನೆ ಬಿಡಬೇಕಾಯಿತೇ, ಏನೇನು ಕಳೆದುಕೊಂಡಳು ಎಂಬ ಕಷ್ಟಗಳಿಗೆ. ಗರ್ಭಿಣಿಯ ಮನಸ್ಸಿಗೆ ಅಪ್ಪಣೆ ಕೊಡುವ ಬದಲು ಅವಳ ಹೆಗಲ ಭಾರ ಇಳಿಸಿ ಎಂದು ನಾನು ಪಟ್ಟುಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹೀಗೆ ಒಪ್ಪಂದವಾಯಿತು. ಸುಧಾ ತವರಿಗೆ ಹೋಗಿ ಬರುವುದು. ಸೀಮಂತ ಬೇಕೇ ಬೇಡವೇ ಎಂಬುದನ್ನು ಅವರೇ ಹೇಳುವುದು. ತಂದೆ ಹೋದ ವರ್ಷದಲ್ಲಿ ಸಂಭ್ರಮಿಸುವ ಹೊರೆಯನ್ನು ಯಾರೂ ಹೊರಿಸದಿರುವುದು. ಗಂಡ ವಿಡಿಯೊ ಕಳುಹಿಸುವುದನ್ನು ನಿಲ್ಲಿಸಿ, ಬೆಳಗಿನ ಅಡುಗೆ ಕೆಲಸದಲ್ಲಿ ಕೈಜೋಡಿಸುವುದು, ಪ್ರತಿ ತಪಾಸಣೆಗೂ ಜೊತೆಗೆ ಬರುವುದು. ನಿದ್ದೆ ಎರಡು ವಾರದಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವುದು. ಗರ್ಭಿಣಿಯರಿಗೆ ಕೊಡಬಹುದಾದ ಔಷಧಗಳಿವೆ ಎಂದು ಆಗಲೇ ತಿಳಿಸಿದ್ದೆ. ಅದು ಬೇಕಾಗಲಿಲ್ಲ.

ಮನೆ ಒಡೆಯುವ ಸಲಹೆ, ಸಂಪ್ರದಾಯಕ್ಕೆ ಅಡ್ಡಿ ಎಂದು ಸುಧಾಳ ಗಂಡನ ನೆಂಟರೊಬ್ಬರು ದೂರಿದರಂತೆ. ಬಸುರಿಯ ಬಯಕೆ ತೀರಿಸುವುದೂ ನಮ್ಮ ಸಂಪ್ರದಾಯವೇ. ತಂದೆಗಾಗಿ ಅಳಬೇಕೆಂಬ ಆಕೆಯ ಬಯಕೆಯನ್ನು ಕಡೆಗೆ ತೀರಿಸಿದವರು ಅತ್ತೆಯೇ. ತವರಿಗೆ ಬಿಡಲು ತಾವೂ ಹೋಗಿ ಎರಡು ದಿನ ಇದ್ದು ಬಂದರು.

ಮಗು ಹೇಗಿದೆ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಆರೋಗ್ಯವಾಗಿದೆ. ಆದರೆ ಒಂದು ಮಗುವನ್ನು ತೋರಿಸಿ ನನ್ನ ವಾದ ಗೆಲ್ಲುವ ಇಚ್ಛೆಯಿಲ್ಲ. ಗರ್ಭದಲ್ಲೇ ಎಲ್ಲ ಬರೆದು ಮುಗಿಯಿತು ಎಂದು ಕೊರಗುತ್ತಿರುವ ತಾಯಂದಿರು ತಿಳಿಯಬೇಕಾದ ಇನ್ನೊಂದು ಅಧ್ಯಯನವಿದೆ. 2010ರಲ್ಲಿ ಪ್ರಕಟವಾದ ಅದರಲ್ಲಿ ಗರ್ಭದ ನೀರಿನ ಕಾರ್ಟಿಸಾಲ್ ಅಳೆದು, ಆ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಹುಟ್ಟಿದ ಮೇಲೆ ಪರೀಕ್ಷಿಸಿದರು. ಕಾರ್ಟಿಸಾಲ್ ಹೆಚ್ಚಿದ್ದಷ್ಟೂ ಅಂಕ ಕಡಿಮೆಯಾದದ್ದು ತಾಯಿಯೊಂದಿಗೆ ಭದ್ರವಾದ ಬೆಸುಗೆ ಇಲ್ಲದ ಮಕ್ಕಳಲ್ಲಿ. ಬೆಸುಗೆ ಇದ್ದ ಮಕ್ಕಳಲ್ಲಿ ಆ ನಂಟು ಕಾಣಲಿಲ್ಲ.

ನಿಮ್ಮ ಮನೆಯ ಗರ್ಭಿಣಿ ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಮಾತು ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬಂತಹ ಮಾತು ಒಮ್ಮೆಯಾದರೂ ಬಂದಿದ್ದರೆ, ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರಿಗಾಗಿಯೇ ಮನೋವೈದ್ಯಕೀಯ ಸೇವೆಯಿದೆ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಒಳರೋಗಿಗಳಾಗಿ ಸೇರಿಸಿಕೊಳ್ಳುವ ವಾರ್ಡ್ ಇದೆ. ಒತ್ತಡದ ಮೂಲ ಹೊಡೆತ ಬಡಿತವಾಗಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಆಗ ಬೇಕಾದದ್ದು ಮೊದಲು ರಕ್ಷಣೆ. ಮನಸ್ಸಿನ ಮಾತು ಆಮೇಲೆ.